ಮೂರು ಜೊತೆ ಕೈಗಳು

ಜರ್ಮನ್ ಸಂಗೀತಕಾರ ಬ್ರಾಮ್ಸ್‌ನ ಮೊದಲನೆಯ ಪಿಯಾನೊ ಕಾನ್ಸರ್ಟೊದ, ಅಂದರೆ ಪಿಯಾನೊ ಮತ್ತು ವಾದ್ಯವೃಂದಕ್ಕಾಗಿ ಬರೆದ ಕೃತಿಯ, ಧ್ವನಿಮುದ್ರಿಕೆಯ ಜೊತೆಗೆ ಬರುವ ಪುಟ್ಟ ಪುಸ್ತಿಕೆಯನ್ನು ಓದತೊಡಗಿದರೆ, ಸಂಗೀತದ ಮಾತು ಶುರುವಾಗುವ ಮೊದಲೇ ಅದು 1859ರ ಜನವರಿ 27ಕ್ಕೆ ಬಂದು ನಿಲ್ಲುತ್ತದೆ. ಅಂದು ಜರ್ಮನಿಯ ಲೈಪ್‌ಜಿಗ್‌ನ ಗೆವಾಂಡ್‌ಹೌಸ್ ಸಭಾಂಗಣದಲ್ಲಿ ಇಪ್ಪತ್ತೈದರ ಹರೆಯದ ಬ್ರಾಮ್ಸ್ ತಾನೇ ಪಿಯಾನೊ ನುಡಿಸಿದನೆಂದೂ ಸಭಿಕರು ಬುಸುಗುಟ್ಟಿ ಕೃತಿಯನ್ನು ತಿರಸ್ಕರಿಸಿದರೆಂದೂ ಹೇಳುವಾಗ ಬರೆದವರ ದನಿಯಲ್ಲಿ ಎಂಥದೋ ಸಂತೃಪ್ತಿ ತುಳುಕುತ್ತದೆ. ಆ ದಡ್ಡರಿಗೆ ತಿಳಿಯಲಿಲ್ಲ, ನಮಗೆ ತಿಳಿಯಿತು ಎಂಬ ಈ ಸಂತೃಪ್ತಿ ನನಗೆ ಸಹಿಸದು. ಗೆದ್ದ ಪಕ್ಷವನ್ನು ನೂರೈವತ್ತು ವರ್ಷ ತಡವಾಗಿ ಸೇರಿಕೊಳ್ಳಲು ಕಿವಿಯ ಅಗತ್ಯವೇ ಇಲ್ಲ.

ಲೈಪ್‌ಜಿಗ್‌ನವರದು ಅಲ್ಲಿನ ವಾದ್ಯವೃಂದವನ್ನು ಹಿಂದೆ ನಡೆಸಿದ್ದ ಸಂಗೀತಕಾರ ಮೆಂಡೆಲ್ಸನ್ ಪಳಗಿಸಿದ ಕಿವಿ. ಈ ಕೃತಿಯಲ್ಲಿ ವಾದ್ಯವೃಂದ ಸುಮಾರು ನಾಲ್ಕು ನಿಮಿಷ ಗುಡುಗಿದ ಮೇಲೆ ಪಿಯಾನೊ ಬಾಯಿ ತೆರೆಯುತ್ತದೆ, ತೆರೆದರೂ ಬೆರಳುಗಳ ಬೆಡಗನ್ನು ತೋರದೆ ತನ್ನಷ್ಟಕ್ಕೆ ತಾನು ಮಾತಾಡಿಕೊಳ್ಳುತ್ತದೆ. ಹೋಳಿಗೆಗೆ ಕಾದು ಕುಳಿತವರ ಎಲೆಗೆ ತಿಳಿಸಾರು ಬಿದ್ದರೆ ಗೊಣಗಾಟ ಸಹಜ. ಇದು 1854ರಲ್ಲಿ ಎರಡು ಪಿಯಾನೊಗಳಷ್ಟೇ ನುಡಿಸುವ ಸೊನಾಟಾ ಆಗಿ ಹುಟ್ಟಿ, ವಾದ್ಯವೃಂದವಷ್ಟೇ ನುಡಿಸುವ ಸಿಂಫನಿಯಾಗಲು ಹೆಣಗಿ, ಅದೂ ಆಗದೆ ಕಾನ್ಸರ್ಟೊ ಆಯಿತು. ತಾನು ಬರೆಯುತ್ತಿರುವುದು ಏನೆಂದು ತಿಳಿಯಲು ಬರೆದವನಿಗೇ ವರ್ಷಗಳು ಹಿಡಿದಿರುವಾಗ, ಕೇಳಿದವರು ಒಂದೇ ಸಂಜೆಯಲ್ಲಿ ತಿಳಿಯಬೇಕಿತ್ತೇ?

ನನ್ನ ಕುತೂಹಲವಿರುವುದು ಬೇರೆಯವರ ಮೇಲೆ. ಆ ಸಂಜೆಗೆ ಐದು ದಿನಗಳ ಹಿಂದೆ ಹ್ಯಾನೋವರ್‌ನಲ್ಲಿ ಇದೇ ಕೃತಿಯ ಮೊದಲ ಪ್ರದರ್ಶನವನ್ನು ನಿರ್ದೇಶಿಸಿದ್ದ ಗೆಳೆಯ, ಪಿಟೀಲುವಾದಕ ಯೋವಾಖಿಮ್‌ಗೆ ಬ್ರಾಮ್ಸ್ ಲೈಪ್‌ಜಿಗ್ ಪ್ರದರ್ಶನದ ಮರುದಿನವೇ ಬರೆದ ಪತ್ರದಲ್ಲಿ, ಕೊನೆಗೆ ಮೂರು ಜೊತೆ ಕೈಗಳು ನಿಧಾನವಾಗಿ ಒಂದಕ್ಕೊಂದು ತಾಗಿದವು, ಆಗ ಎಲ್ಲ ಕಡೆಯಿಂದ ಎದ್ದ ಬುಸುಗುಟ್ಟುವ ಸದ್ದು ಅವುಗಳನ್ನು ತಡೆಯಿತು ಎಂದಿದ್ದಾನೆ. ಯಾರು ಆ ಮೂವರು? ಒಂದೇ ಸಾಲಿನಲ್ಲಿದ್ದರೇ, ಅಥವಾ ಮೂರು ಮೂಲೆಗಳಲ್ಲಿ ಕುಳಿತು, ಉಳಿದಿಬ್ಬರು ಇದ್ದಾರೆಂಬುದನ್ನು ಸದ್ದಿನಿಂದಷ್ಟೇ ಅರಿತರೇ? ಒಬ್ಬನಿಗಾದರೂ ಕೃತಿ ನಿಜವಾಗಿ ಹಿಡಿಸಿರಬೇಕು. ಇನ್ನೊಬ್ಬ, ಬಂದ ತಪ್ಪಿಗೆ ತಟ್ಟಿಯೇ ಹೋಗುವ ಸಜ್ಜನನಿರಬಹುದು. ಮೂರನೆಯವನು ಅರ್ಧ ನಿದ್ದೆಯಲ್ಲಿದ್ದು, ಮುಗಿಯಿತೆಂದು ತಿಳಿದ ಕೂಡಲೇ ಅಭ್ಯಾಸಬಲದಿಂದ ತಟ್ಟಿರಲೂಬಹುದು. ಬುಸುಗುಟ್ಟಿದಾಗ ಮೂವರೂ ಕೈಗಳನ್ನು ಕೋಟಿನ ಜೇಬಿಗೆ ಇಳಿಸಿದರೇ? ಮನೆಗೆ ಹೋಗುವ ದಾರಿಯಲ್ಲಿ, ಎಲ್ಲರೆದುರು ಮಾನ ಕಳೆದಿರಲ್ಲ ಎಂದು ಹೆಂಡತಿಯಿಂದ ಕೇಳಿಸಿಕೊಂಡರೇ? ಯಾವ ಪುಸ್ತಿಕೆಯೂ ಇವರ ಬಗ್ಗೆ ಚಿಂತಿಸಿದ್ದನ್ನು ನಾನು ಕಂಡಿಲ್ಲ. ಬುಸುಗುಟ್ಟಿದವರಿಗೆ ಮಾತ್ರ ಅಚ್ಚಿನಲ್ಲಿ ಕಾಯಂ ಜಾಗ.

ಇಂದು ಯಾರು ಏನು ನುಡಿಸಿದರೂ ಇಡೀ ಸಭೆ ಎದ್ದು ನಿಂತು ತಟ್ಟುತ್ತದೆ. ಮುಂದಿನವರ ಬೆನ್ನು ವೇದಿಕೆಯನ್ನು ಮರೆಮಾಡುವುದರಿಂದ ನಾನೂ ಏಳಬೇಕಾಗುತ್ತದೆ. ಇದಕ್ಕೂ ಆ ಮೂವರಿಗೂ ಮುಖ್ಯವಾದದ್ದೇನೋ ಸಂಬಂಧವಿದೆ ಎಂದು ಬರೆಯಲು ಕುಳಿತಾಗ ಅನ್ನಿಸಿತ್ತು. ಅದೇ 1859ರ ಮಾರ್ಚ್ 24ರಂದು ಹ್ಯಾಂಬರ್ಗ್‌ನಲ್ಲಿ ಇದೇ ಕೃತಿಗೆ ಚಪ್ಪಾಳೆ ಬಿತ್ತೆಂಬುದು ನಿಜ, ಆದರೆ ಅದು ಬ್ರಾಮ್ಸ್‌ನ ಹುಟ್ಟೂರು. ಹುಟ್ಟೂರಿನ ಚಪ್ಪಾಳೆಯನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಲೈಪ್‌ಜಿಗ್‌ನ ಸೋಲು ತನ್ನ ಮೇಲೆ ಯಾವ ಪರಿಣಾಮವನ್ನೂ ಮಾಡಲಿಲ್ಲವೆಂದು ಬ್ರಾಮ್ಸ್ ಆ ಪತ್ರದಲ್ಲಿ ಹೇಳುತ್ತಾನೆ, ತಾನಿನ್ನೂ ಪ್ರಯೋಗ ಮಾಡುತ್ತ ತಡಕಾಡುತ್ತಿದ್ದೇನೆಂದು ಒಪ್ಪುತ್ತಾನೆ, ಇಷ್ಟೆಲ್ಲ ಹೇಳಿಯೂ, ಆ ಬುಸುಗುಟ್ಟಿದ್ದು ಮಾತ್ರ ಕೊಂಚ ಅತಿಯಾಯಿತು ಎಂದು ಸೇರಿಸದೆ ಇರಲು ಅವನಿಂದ ಆಗಲಿಲ್ಲ.