ಅಮ್ಮನ ಸೀರೆ ಕೇಸರಿಯಾಗಿದ್ದು ಹೇಗೆ

ಅಪ್ಪನ ಷಷ್ಟಿಪೂರ್ತಿಗೆಂದು ಹಳೇ ಆಲ್ಬಮ್‌ಗಳನ್ನೆಲ್ಲ ಸ್ಕ್ಯಾನ್ ಮಾಡಿ ಒಂದು ವಿಡಿಯೊ ಮಾಡಿದ್ದೆ. ಟಿವಿಗೆ ಹಾಕಿದ್ದೇ ತಡ, ಅಮ್ಮ "ಇದು ನನ್ನ ಮದುವೆ ಸೀರೆ ಅಲ್ಲ ಕಣೋ. ಅದು ಒಳ್ಳೇ ಕುಂಕುಮದ ಬಣ್ಣ, ಇದೇನು ಸ್ವಾಮಿಗಳ ಶಾಲಿನ ಥರ ಇದೆ" ಅಂದಳು.

ಮೊದಲು ನಾನೂ ಎಲ್ಲರ ಹಾಗೆ ಎಡಿಟಿಂಗ್ ಆ್ಯಪ್‌ನಲ್ಲಿ ಬಣ್ಣದ ಛಾಯೆ ಬದಲಿಸುವ ಹ್ಯೂ, ಗಾಢತೆ ಬದಲಿಸುವ ಸ್ಯಾಚುರೇಷನ್ ಸ್ಲೈಡರ್‌ಗಳನ್ನು ಎಳೆದಾಡಿದೆ. ಸೀರೆ ಕೆಂಪಾಯಿತು, ಜೊತೆಗೆ ಅಪ್ಪನ ಮುಖವೂ. ನಮ್ಮ ಮದುವೆ ವಿಡಿಯೊದವರು ಈ ಕಣ್ಣಂದಾಜಿನ ಕೆಲಸಕ್ಕೇ 'ಕಲರ್ ಕರೆಕ್ಷನ್' ಅನ್ನುತ್ತಾರೆ. ನನ್ನ ತಕರಾರು ಇರುವುದೇ ಅಲ್ಲಿ. ಫೋಟೊದಲ್ಲಿ ಬಣ್ಣ ಕೆಟ್ಟೇ ಇರಲಿಲ್ಲ, ತಿದ್ದುವುದೇನನ್ನು?

ಸುಳಿವು ಕೊಟ್ಟಿದ್ದು ಕಪ್ಪುಬಿಳುಪು ಫೋಟೊಗಳು. ಅವು ಫೋನಿನಲ್ಲೂ ಟಿವಿಯಲ್ಲೂ ಒಂದೇ ಥರ ಕಾಣುತ್ತಿದ್ದವು. ಕಪ್ಪಿನಿಂದ ಬಿಳಿವರೆಗಿನ ಬೆಳಕನ್ನು ಫೋಟೊ 0–255 ಎಂದು ಅಳೆಯುತ್ತದೆ, ವಿಡಿಯೊ ಸಾಮಾನ್ಯವಾಗಿ 16–235 ಎಂದು. ಟಿವಿ ಇದನ್ನು ಅದಲುಬದಲು ಮಾಡಿ ಓದಿದ್ದರೆ ನೆರಳೆಲ್ಲ ಕಪ್ಪಲ್ಲಿ ಮುಳುಗಬೇಕಿತ್ತು. ಬೂದು ಸರಿಯಿದ್ದು, ಕೆಂಪು ಮಾತ್ರ ಕೇಸರಿಗೆ ವಾಲಿ, ಹಸಿರು ಮಂಕಾಗಿದೆ ಅಂದರೆ ಎಡವಟ್ಟು ಬೇರೆ ಕಡೆ ಇದೆ.

ವಿಡಿಯೊದಲ್ಲಿ ಬೆಳಕನ್ನು ಒಂದು ಕಡೆ, ಬಣ್ಣವನ್ನು ಒಂದು ಕಡೆ ಬೇರ್ಪಡಿಸಿ ಇಡುತ್ತಾರೆ. ಅದಕ್ಕೆ ಹಳೇ ಟಿವಿ ಕಾಲದ 601 ಎಂಬ ಸೂತ್ರವಿದೆ, ಎಚ್‌ಡಿಯ 709 ಇದೆ. ಬೆಳಕಿನ ಲೆಕ್ಕದಲ್ಲಿ ಹಸಿರಿನ ಪಾಲು ಮೊದಲನೆಯದರಲ್ಲಿ ಶೇ 58.7, ಎರಡನೆಯದರಲ್ಲಿ ಶೇ 71.5. ಜೆಪೆಗ್ ಫೋಟೊ 601ರಲ್ಲಿರುತ್ತದೆ. ನನ್ನ ವಿಡಿಯೊ ಅದೇ ಸೂತ್ರವನ್ನು ಹೊತ್ತುಕೊಂಡು ಬಂದಿತ್ತು, ಯಾವ ಸೂತ್ರ ಎಂದು ಫೈಲಿನೊಳಗೆ ಹೇಳುವ ಚೀಟಿ, ಅಂದರೆ ಟ್ಯಾಗ್, ಮಾತ್ರ ಇರಲಿಲ್ಲ. ಟಿವಿ 1920×1080 ನೋಡಿ, ಎಚ್‌ಡಿ ತಾನೆ ಅಂತ 709ರಲ್ಲಿ ಬಿಚ್ಚಿತು. ಹಿಂದೆ ಊರಿಗೊಂದು ಸೇರು ಇರುತ್ತಿತ್ತಲ್ಲ, ಹಾಗೆ. ನಮ್ಮೂರ ಸೇರಿನಲ್ಲಿ ಅಳೆದ ಅಕ್ಕಿಯನ್ನು ಪಕ್ಕದೂರ ಸೇರಿನಲ್ಲಿ ಲೆಕ್ಕ ಹಾಕಿದರೆ ಅಕ್ಕಿಯದೇನು ತಪ್ಪು?

ಟ್ಯಾಗ್ ಒಂದನ್ನು ಅಂಟಿಸಿದರೆ ಸಾಕು ಅಂದುಕೊಂಡು ಒಂದು ಸಂಜೆ ಹಾಳು ಮಾಡಿಕೊಂಡೆ. 601ರ ಸರಕಿಗೆ 709ರ ಚೀಟಿ ಅಂಟಿಸಿದರೆ ಅದು ಸುಳ್ಳು ಚೀಟಿ. ಮೊದಲು ನಿಜವಾಗಿ 709ಕ್ಕೆ ಪರಿವರ್ತಿಸಬೇಕು, ಆಮೇಲೆ ಟ್ಯಾಗ್. ಕೆಲವು ಕ್ಯಾಮೆರಾಗಳಲ್ಲಿ ಸಿಗುವ, ಹೆಚ್ಚು ಬಣ್ಣ ಹಿಡಿಯುವ ಅಡೋಬಿ ಆರ್‌ಜಿಬಿ ಎಂಬ ಅಳತೆಯಲ್ಲಿ ತೆಗೆದ ಫೋಟೊ ಇದ್ದರೆ ಅದನ್ನು ಇನ್ನೂ ಮುಂಚೆಯೇ ಫೋನು, ಕಂಪ್ಯೂಟರ್‌ಗಳ ಮಾಮೂಲಿ ಅಳತೆಯಾದ ಎಸ್‌ಆರ್‌ಜಿಬಿಗೆ ತರಬೇಕು, ಇಲ್ಲದಿದ್ದರೆ ಬಣ್ಣವೆಲ್ಲ ಸಪ್ಪೆ. ಎಸ್‌ಆರ್‌ಜಿಬಿಯ ಮೂಲ ಕೆಂಪು, ಹಸಿರು, ನೀಲಿ 709ರವೇ ಆದ್ದರಿಂದ ಮುಂದೆ ಅಷ್ಟು ತಲೆನೋವಿಲ್ಲ.

ನಾನು ಎಳೆದಾಡಿದ್ದ ಸ್ಲೈಡರ್‌ಗಳನ್ನೆಲ್ಲ ಸೊನ್ನೆಗೆ ತಂದು ಮತ್ತೆ ವಿಡಿಯೊ ಮಾಡಿದೆ. ಅಮ್ಮ ನೋಡಿ, "ಹಾಂ, ಇದು ನನ್ನ ಸೀರೆ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಅಲ್ಲ, ನಿಮ್ಮಪ್ಪ ಇಷ್ಟು ಗಿಳಿಹಸಿರು ಷರ್ಟು ಹಾಕ್ಕೊಂಡಿದ್ರಾ?"

ಹಾಕ್ಕೊಂಡಿದ್ರು.