ಸೇವಾ ಸಂಸ್ಥೆಯ ವೆಬ್‌ಸೈಟ್ ಮೊದಲು ಫೋನಲ್ಲಿ ಸರಿಯಾಗಿ ತೆರೆಯಲಿ

ಮೈಸೂರು, ಮಂಡ್ಯ ಕಡೆ ಸೇವಾ ಸಂಸ್ಥೆ ನಡೆಸುವವರಿಗೆ, ರೈತರಿಗೆ ನ್ಯಾಯವಾದ ಬೆಲೆ ಕೊಟ್ಟು ವ್ಯಾಪಾರ ಮಾಡುವವರಿಗೆ ಒಂದು ಮಾತು ಹೇಳಬೇಕಿದೆ. ನಿಮ್ಮ ವೆಬ್‌ಸೈಟನ್ನು ಆಫೀಸಿನ ಕಂಪ್ಯೂಟರಲ್ಲಿ ಮಾತ್ರ ನೋಡಿ ಒಪ್ಪಿಕೊಳ್ಳಬೇಡಿ. ಕಡಿಮೆ ಬೆಲೆಯ, ಸ್ವಲ್ಪ ಹಳೆಯ ಆಂಡ್ರಾಯ್ಡ್ ಫೋನಲ್ಲಿ, ವೈಫೈ ಆಫ್ ಮಾಡಿ ನೋಡಿ. ಅಲ್ಲಿ ಸರಿಯಾಗಿ ತೆರೆದರೆ ಮಾತ್ರ ಸೈಟ್ ಮಾಡಿಕೊಟ್ಟವರಿಗೆ ಬಾಕಿ ದುಡ್ಡು ಕೊಡಿ.

ಯಾಕೆ ಅಂದರೆ, ನಿಮ್ಮನ್ನು ಹುಡುಕಿಕೊಂಡು ಬರುವವರ ಕೈಯಲ್ಲಿ ಇರುವುದು ಅದೇ ಫೋನು. ಚಾಮುಂಡಿ ಎಕ್ಸ್‌ಪ್ರೆಸ್‌ನಲ್ಲಿ ನಿಂತುಕೊಂಡೇ ಬೆಂಗಳೂರಿಗೆ ಕೆಲಸಕ್ಕೆ ಹೋಗುವ ಹುಡುಗ, ಅಮ್ಮನ ತಿಥಿಯ ದಿನ ವೃದ್ಧಾಶ್ರಮದಲ್ಲಿ ಒಂದು ಹೊತ್ತಿನ ಊಟ ಹಾಕಿಸೋಣ ಅಂತ ಹುಡುಕುತ್ತಿರುತ್ತಾನೆ. ಎಚ್.ಡಿ. ಕೋಟೆ ಕಡೆಯ ತಾಯಿ, ಮಗಳಿಗೆ ಎಲ್ಲಾದರೂ ಹಾಸ್ಟೆಲ್ ಸಿಗುತ್ತದಾ ಅಂತ ನೋಡುತ್ತಿರುತ್ತಾರೆ. ಸಿಗ್ನಲ್ ಬಂದರೆ ಬಂತು, ಹೋದರೆ ಹೋಯಿತು.

ದೇಣಿಗೆಯ ಪುಟವನ್ನೇ ನೋಡಿ. ಎಷ್ಟೋ ಕಡೆ ದೊಡ್ಡದಾಗಿ ಒಂದು ಕ್ಯೂಆರ್ ಕೋಡ್ ಹಾಕಿ ಬಿಟ್ಟಿರುತ್ತಾರೆ. ಕಂಪ್ಯೂಟರ್ ಮುಂದೆ ಕೂತವರು ಫೋನ್ ಹಿಡಿದು ಸ್ಕ್ಯಾನ್ ಮಾಡಬಹುದು. ಆದರೆ ಪುಟ ತೆರೆದಿರುವುದೇ ಫೋನಲ್ಲಿ ಅಲ್ವಾ? ಅದರ ಪರದೆಯನ್ನು ಅದರಿಂದಲೇ ಸ್ಕ್ಯಾನ್ ಮಾಡುವುದು ಹೇಗೆ? ಸ್ಕ್ರೀನ್‌ಶಾಟ್ ತೆಗೆದು, ಫೋನ್‌ಪೇ ತೆರೆದು, ಗ್ಯಾಲರಿಯಿಂದ ಆರಿಸಬೇಕು. ಅದು ಎಲ್ಲರಿಗೂ ಗೊತ್ತಿರುವುದಿಲ್ಲ. ಗೊತ್ತಿದ್ದವರೂ ಸಾಕಾಗಿ ಅರ್ಧಕ್ಕೇ ಬಿಡುತ್ತಾರೆ. ಕೆಳಗೆ ಬ್ಯಾಂಕ್ ಖಾತೆ ನಂಬರ್ ಇರುತ್ತದೆ, ಅದೂ ಚಿತ್ರದೊಳಗೆ. ಕಾಪಿ ಆಗುವುದಿಲ್ಲ. ಕೊಡಬೇಕು ಅಂತ ಮನಸ್ಸು ಮಾಡಿ ಬಂದವರನ್ನು ಹೀಗೆ ವಾಪಸ್ ಕಳಿಸುವುದು ನೋಡಿದರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಯುಪಿಐ ಬಂದದ್ದು 2016ರಲ್ಲಿ. ಒತ್ತಿದ ಕೂಡಲೇ ಯುಪಿಐ ಆ್ಯಪ್ ತೆರೆಯುವ ಬಟನ್ ಹಾಕಿಸಬಹುದು, ಆನ್‌ಲೈನಲ್ಲಿ ಹಣ ಪಡೆಯುವ ವ್ಯವಸ್ಥೆ ಮಾಡಿಕೊಡುವ ಪೇಮೆಂಟ್ ಗೇಟ್‌ವೇ ಕಂಪನಿಗಳು ಅದನ್ನು ಕೊಡುತ್ತವೆ. ಅದಕ್ಕೆ ತಡವಾದರೆ ಯುಪಿಐ ಐಡಿ, ಖಾತೆ ನಂಬರ್, ಐಎಫ್‌ಎಸ್‌ಸಿ ಇಷ್ಟನ್ನಾದರೂ ಅಕ್ಷರದಲ್ಲಿ ಬರೆದು ಪಕ್ಕದಲ್ಲಿ ಕಾಪಿ ಬಟನ್ ಇಡಿ. ಆಫೀಸಿನ ನಂಬರ್ ಮೇಲೆ ಬೆರಳಿಟ್ಟರೆ ಕರೆ ಹೋಗಬೇಕು.

ಮಂಡ್ಯದ ಹತ್ತಿರ ನನಗೆ ಬೇಕಾದವರೊಬ್ಬರು ಆಲೆಮನೆ ಇಟ್ಟಿದ್ದಾರೆ. ಬೆಲ್ಲದ ಬಣ್ಣ ತಿಳಿಯಾಗಿಸುವ ಹೈಡ್ರೋಸ್ ಅನ್ನುವ ರಾಸಾಯನಿಕ ಹಾಕದೆ ಬೆಲ್ಲ ಮಾಡುತ್ತಾರೆ. ಅದಕ್ಕೇ ಬೆಲ್ಲ ಕಪ್ಪಗಿರುತ್ತದೆ ಅಂತ ಸೈಟಿನಲ್ಲಿ ಚೆನ್ನಾಗಿ ವಿವರಿಸಿದ್ದಾರೆ. ಕೆಳಗೆ ಅಚ್ಚು, ಉಂಡೆ, ಪುಡಿ ಅಂತ ಪಟ್ಟಿ. ಫೋನಲ್ಲಿ ಆ ಪಟ್ಟಿಯ ಕೊನೆಯ ಕಾಲಂ ಪರದೆಯಿಂದ ಆಚೆ ಹೋಗಿತ್ತು. ಬೆಲೆ ಇದ್ದದ್ದೇ ಅಲ್ಲಿ.

"ಅಣ್ಣ, ಫೋನಲ್ಲಿ ರೇಟೇ ಕಾಣ್ತಿಲ್ವಲ್ಲ" ಅಂದೆ.

"ಓ, ಅದಕ್ಕೇ ಕಣಪ್ಪ, ಎಲ್ರೂ ಫೋನ್ ಮಾಡಿ ರೇಟ್ ಎಷ್ಟು ಅಂತ್ಲೇ ಕೇಳೋದು" ಅಂದರು.

ಫೋನ್ ಮಾಡಿದವರ ಲೆಕ್ಕ ಅವರಿಗೆ ಸಿಕ್ಕಿತು. ಸುಮ್ನೆ ಮುಚ್ಚಿ ಬೇರೆ ಕಡೆ ಹೋದವರು ಎಷ್ಟು ಜನವೋ.

ಇದೇನೂ ಹೊಸ ವಿದ್ಯೆ ಅಲ್ಲ. ಪರದೆಯ ಅಗಲಕ್ಕೆ ತಕ್ಕಂತೆ ಪುಟ ತಾನೇ ಹೊಂದಿಕೊಳ್ಳುವ ವಿನ್ಯಾಸಕ್ಕೆ ವೆಬ್ ವಿನ್ಯಾಸಕ ಈಥನ್ ಮಾರ್ಕಾಟ್ 'ರೆಸ್ಪಾನ್ಸಿವ್ ವೆಬ್ ಡಿಸೈನ್' ಅಂತ ಹೆಸರಿಟ್ಟದ್ದು 2010ರಲ್ಲಿ. ಕೆಲವು ಹಳೆಯ ಸೈಟುಗಳಲ್ಲಿ ವ್ಯೂಪೋರ್ಟ್ ಅನ್ನುವ ಒಂದು ಸಾಲಿನ ಕೋಡೇ ಇರುವುದಿಲ್ಲ. ಆಗ ಫೋನು ಇಡೀ ಪುಟವನ್ನು ಕಂಪ್ಯೂಟರ್ ಅಗಲದ್ದು ಅಂದುಕೊಂಡು ಕುಗ್ಗಿಸಿ ತೋರಿಸುತ್ತದೆ. ಅಕ್ಷರ ಇರುವೆ ಸಾಲಿನಂತೆ ಕಾಣುತ್ತದೆ. ಇನ್ನು ಗೂಗಲ್ ಕೂಡ ಈಗ ಸೈಟಿನ ಮೊಬೈಲ್ ರೂಪವನ್ನೇ ಓದಿ ಹುಡುಕಾಟಕ್ಕೆ ಸೇರಿಸಿಕೊಳ್ಳುತ್ತದೆ. 2016ರಲ್ಲಿ ಶುರುವಾದ ಆ ಬದಲಾವಣೆ 2023ರ ಹೊತ್ತಿಗೆ ಬಹುತೇಕ ಮುಗಿಯಿತು.

ಕನ್ನಡದ ವಿಷಯ ಬೇರೆಯೇ ಇದೆ. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದು ವೆಬ್‌ಸೈಟಿಗೆ ಹಾಕಿದರೆ ಚಿತ್ರವಿಚಿತ್ರವಾಗಿ ಬರುತ್ತದೆ ಅಂತ, ಹಾಸ್ಟೆಲ್ ಅರ್ಜಿಯ ವಿವರವನ್ನೆಲ್ಲ ಸ್ಕ್ಯಾನ್ ಮಾಡಿ ಪಿಡಿಎಫ್ ಹಾಕುತ್ತಾರೆ. ಫೋನಲ್ಲಿ ಅದನ್ನು ಹಿಗ್ಗಿಸಿ, ಎಡಕ್ಕೆ ಬಲಕ್ಕೆ ಎಳೆದು ಓದಬೇಕು. ಪರದೆಯ ಮೇಲಿನ ಅಕ್ಷರವನ್ನು ಓದಿ ಹೇಳುವ ಟಾಕ್‌ಬ್ಯಾಕ್ ಬಳಸುವ ಅಂಧರಿಗೆ ಅದು ಬರಿ ಚಿತ್ರ. ಎಲ್ಲ ಫೋನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ಗೆ ಬದಲಾಯಿಸಿ ಪುಟದಲ್ಲೇ ಬರೆಯಿರಿ. ಸಾಲುಗಳ ನಡುವೆ ಜಾಗ ಸ್ವಲ್ಪ ಜಾಸ್ತಿ ಬಿಡಿ, ಇಲ್ಲದಿದ್ದರೆ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ. ನಮ್ಮ ಪದಗಳೂ ಉದ್ದ, ಇಂಗ್ಲಿಷ್ ಅಳತೆಗೆ ಮಾಡಿದ ಬಟನ್‌ನಲ್ಲಿ ಹಿಡಿಯುವುದಿಲ್ಲ.

ಮುಖಪುಟದಲ್ಲಿ ತಾನೇ ಓಡುವ ದೊಡ್ಡ ಫೋಟೋಗಳನ್ನು ತೆಗೆದುಬಿಡಿ. ಕ್ಯಾಮೆರಾದಿಂದ ಬಂದ ನಾಲ್ಕೈದು ಎಂಬಿ ಫೋಟೋವನ್ನು ಕುಗ್ಗಿಸದೆ ಹಾಕಿದರೆ ನೋಡುವವರ ಡೇಟಾ ಹೋಗುತ್ತದೆ. ಆ್ಯಪ್ ಮಾಡಿಸುವುದೂ ಬೇಡ. ವರ್ಷಕ್ಕೊಮ್ಮೆ ದೇಣಿಗೆ ಕೊಡುವವರು ಅದಕ್ಕೋಸ್ಕರ ಆ್ಯಪ್ ಇಟ್ಟುಕೊಳ್ಳುವುದಿಲ್ಲ.

ಎಲ್ಲವನ್ನೂ ಒಟ್ಟಿಗೆ ಸರಿ ಮಾಡಲು ದುಡ್ಡಿಲ್ಲ ಅನ್ನುತ್ತೀರಿ, ಗೊತ್ತು. ಮೂರು ಪುಟ ಹಿಡಿದುಕೊಳ್ಳಿ: ದೇಣಿಗೆ ಅಥವಾ ಖರೀದಿ, ಸಹಾಯ ಕೇಳುವವರ ಅರ್ಜಿ, ಸಂಪರ್ಕ. ಅಧ್ಯಕ್ಷರ ಸಂದೇಶ, ಹಳೆಯ ಸಮಾರಂಭದ ಫೋಟೋ ಆಮೇಲೆ ನೋಡಿಕೊಳ್ಳಬಹುದು. ಮೈಸೂರಿನ ಸಂಸ್ಥೆಯವರು ಯಾರಾದರೂ ಜೊತೆಯಲ್ಲಿ ಕೂತು ನೋಡೋಣ ಅಂದರೆ ಮೆಸೇಜ್ ಮಾಡಿ. ಶನಿವಾರ ಮಧ್ಯಾಹ್ನ ನಿಮ್ಮ ಆಫೀಸಿಗೇ ಬರುತ್ತೇನೆ.