ಯಾರೂ ಹೇಳದ ವಾಕ್ಯಕ್ಕೆ ಮೂರು ಅಂಕ

ಮೊನ್ನೆ ಒಬ್ಬ ಡಿಬೇಟರ್ ಮೆಸೇಜ್ ಮಾಡಿ ಕೇಳಿದ, ನೀವು ಜಡ್ಜ್‌ಗಳು ಅಲ್ಲಿ ಕೂತು ನಿಜವಾಗ್ಲೂ ಏನು ನೋಡ್ತೀರ, ಕೊನೆಗೆ ಚೆನ್ನಾಗಿ ಮಾತಾಡಿದವ್ರಿಗೇ ತಾನೇ ಕೊಡೋದು ಅಂತ. ಒಂದು ಸಾಲಲ್ಲಿ ಇಲ್ಲ ಅಂತ ಟೈಪ್ ಮಾಡಿ ಆಮೇಲೆ ಅಳಿಸಿದೆ. ಅವನ ಮಾತಲ್ಲಿ ಸ್ವಲ್ಪ ನಿಜ ಇದೆ, ಆ ನಿಜ ನಂಗೆ ಗೊತ್ತಾಗಿದ್ದು ನಂದೇ ತಪ್ಪಿಂದ, ಹಾಗಾಗಿ ಇಲ್ಲೇ ಉದ್ದವಾಗಿ ಬರೀತೀನಿ.

ಈ ಆಟ ನೋಡದೇ ಇರೋವ್ರಿಗೆ ಮೊದ್ಲು ಬೇಗ ಬೇಗ ಹೇಳ್ಬಿಡ್ತೀನಿ. ನಾನು ಹೆಚ್ಚಾಗಿ ಜಡ್ಜ್ ಮಾಡೋದು ಬ್ರಿಟಿಷ್ ಪಾರ್ಲಿಮೆಂಟರಿ, ಎಲ್ಲಾರೂ ಬಿಪಿ ಅಂತಾರೆ. 1981ರಲ್ಲಿ ಗ್ಲಾಸ್ಗೋದಲ್ಲಿ ಶುರುವಾದ ವರ್ಲ್ಡ್ಸ್, ಅಂದ್ರೆ ಯೂನಿವರ್ಸಿಟಿಗಳ ವಿಶ್ವ ಡಿಬೇಟಿಂಗ್ ಚಾಂಪಿಯನ್‌ಶಿಪ್ ನಡೆಯೋದೂ ಇದೇ ಫಾರ್ಮ್ಯಾಟಲ್ಲಿ. ಒಂದು ರೂಮಲ್ಲಿ ನಾಲ್ಕು ಟೀಮ್, ಟೀಮಿಗೆ ಇಬ್ಬರು, ಎರಡು ಟೀಮ್ ಮೋಷನ್, ಅಂದ್ರೆ ಚರ್ಚೆಗೆ ಕೊಟ್ಟ ವಿಷಯದ ಪರ (ಗವರ್ನಮೆಂಟ್), ಎರಡು ವಿರುದ್ಧ (ಆಪೊಸಿಷನ್). ಮೊದ್ಲು ಮಾತಾಡೋವ್ರು ಓಪನಿಂಗ್, ಆಮೇಲಿನವ್ರು ಕ್ಲೋಸಿಂಗ್. ಮೋಷನ್ ಗೊತ್ತಾಗೋದು 15 ನಿಮಿಷ ಮುಂಚೆ, ಯಾವ ಕಡೆ ಅನ್ನೋದು ಅವರ ಆಯ್ಕೆ ಅಲ್ಲ, ಒಬ್ಬೊಬ್ಬರಿಗೂ 7 ನಿಮಿಷ. ಮುಗಿದ ಮೇಲೆ ಜಡ್ಜ್‌ಗಳು ನಾಲ್ಕು ಟೀಮನ್ನೂ ಒಂದರಿಂದ ನಾಲ್ಕರವರೆಗೆ ಸಾಲಾಗಿ ನಿಲ್ಲಿಸ್ಬೇಕು, ಫಸ್ಟ್ ಬಂದವ್ರಿಗೆ 3, ಆಮೇಲೆ 2, 1, ಕೊನೆಯವ್ರಿಗೆ ಸೊನ್ನೆ. ಒಂದೇ ಕಡೆ ಇರೋ ಎರಡು ಟೀಮ್ ಕೂಡಾ ಒಬ್ರಿಗೊಬ್ರು ಪ್ರತಿಸ್ಪರ್ಧಿಗಳೇ, ಇದು ಹೊಸಬರಿಗೆ ಅರ್ಥ ಆಗೋಕೆ ಸ್ವಲ್ಪ ಟೈಮ್ ಹಿಡಿಯತ್ತೆ.

ಜಡ್ಜ್ ಯಾರ ತಲೆ ಇಟ್ಕೊಂಡು ಕೇಳ್ಬೇಕು ಅನ್ನೋದಕ್ಕೂ ಒಂದು ಒಪ್ಪಂದ ಇದೆ. ವರ್ಲ್ಡ್ಸ್ ಮ್ಯಾನುಯಲ್ ಹೇಳೋದು, ಸಾಮಾನ್ಯ ಬುದ್ಧಿವಂತ ಮತದಾರನ ಹಾಗೆ ಕೇಳಿ ಅಂತ. ದಿನಾ ಸುದ್ದಿ ಓದೋ, ಜಗತ್ತಲ್ಲಿ ಏನಾಗ್ತಿದೆ ಅಂತ ಒಂದು ಮಟ್ಟಿಗೆ ಗೊತ್ತಿರೋ, ಆದ್ರೆ ಯಾವ ವಿಷಯದಲ್ಲೂ ಪಂಡಿತ ಅಲ್ಲದ, ಮೊದಲೇ ಒಂದು ಕಡೆ ವಾಲಿರದ ಮನುಷ್ಯ. ನೀವು ಎಕನಾಮಿಕ್ಸ್ ಓದಿರ್ಬಹುದು, ಲಾಯರ್ ಆಗಿರ್ಬಹುದು, ರೂಮ್ ಒಳಗೆ ಬರೋವಾಗ ಅದನ್ನ ಹೊರಗಿಟ್ಟು ಬನ್ನಿ ಅಂತ. ಕೇಳೋಕೆ ಸುಲಭ. ಇದ್ರಲ್ಲಿ ಒಂದು ಅರ್ಧ ನಮಗೆಲ್ಲಾ ಚೆನ್ನಾಗಿ ನೆನಪಿರತ್ತೆ: ಸ್ಪೀಕರ್ ಹೇಳಿದ್ದು ನಂಗೆ ಗೊತ್ತಿರೋ ವಿಷಯಕ್ಕೆ ಹೊಂದಲ್ಲ ಅಂತ ನಾನಾಗೇ ಅದನ್ನ ಹೊಡೆದು ಹಾಕೋ ಹಾಗಿಲ್ಲ, ಅದು ಎದುರು ಟೀಮಿನ ಕೆಲಸ. ಇನ್ನೊಂದು ಅರ್ಧ ಮಾತ್ರ ಕೈ ತಪ್ಪತ್ತೆ. ಸ್ಪೀಕರ್ ಹೇಳದೇ ಬಿಟ್ಟಿದ್ದನ್ನ ನನಗೆ ಗೊತ್ತಿದೆ ಅಂತ ನಾನು ತುಂಬಿಸೋ ಹಾಗೂ ಇಲ್ಲ.

ಒಂದು ರೌಂಡ್ ಹೇಳ್ತೀನಿ. ಮೋಷನ್, ಖಾಸಗಿ ಜೈಲುಗಳನ್ನ ಈ ಸದನ ನಿಷೇಧಿಸತ್ತೆ. ನಾನು ಚೇರ್, ಅಂದ್ರೆ ಮುಖ್ಯ ಜಡ್ಜ್, ಜೊತೆಗೆ ಇಬ್ಬರು ವಿಂಗ್, ಅಂದ್ರೆ ಸಹ ಜಡ್ಜ್‌ಗಳು, ಅದ್ರಲ್ಲಿ ಒಬ್ಬಳು ಆವತ್ತು ಮೊದಲ ಸಲ ಪ್ಯಾನೆಲ್‌ನಲ್ಲಿ ಕೂತಿದ್ದು. ಪ್ರೈಮ್ ಮಿನಿಸ್ಟರ್ ಆಗಿ, ಅಂದ್ರೆ ಓಪನಿಂಗ್ ಗವರ್ನಮೆಂಟ್‌ನ ಮೊದಲ ಸ್ಪೀಕರ್ ಆಗಿ ಮಾತಾಡಿದ ಹುಡುಗ ಎದ್ದು ನಿಂತ ರೀತಿಯೇ ಬೇರೆ, ಒಂದು ಕಡೆನೂ ತಡವರಿಸ್ಲಿಲ್ಲ, ಮೂರು ಪಾಯಿಂಟ್ ಅಂದ, ಮೂರೂ ಸಮಯಕ್ಕೆ ಸರಿಯಾಗಿ ಮುಗಿಸಿದ. ಅವನ ಮುಖ್ಯ ವಾದ, ಕಂಪನಿ ನಡೆಯೋದು ಲಾಭಕ್ಕೆ, ಹಾಗಾಗಿ ಕೈದಿಗಳು ಜಾಸ್ತಿ ದಿನ ಒಳಗೇ ಇರೋ ಹಾಗೆ ಆಗತ್ತೆ. ಅದನ್ನ ನಾಲ್ಕು ಸಲ, ನಾಲ್ಕು ಚಂದದ ರೀತಿಲಿ ಹೇಳಿದ. ಕೊನೆಗೆ ಕ್ಲೋಸಿಂಗ್ ಆಪೊಸಿಷನ್‌ನಿಂದ ಒಬ್ಬ ಬಂದ, ಮಾತು ಹಿಡಿದು ಹಿಡಿದು ಬರ್ತಿತ್ತು, ಇಂಗ್ಲಿಷ್ ಅವನಿಗೆ ಮೂರನೆಯೋ ನಾಲ್ಕನೆಯೋ ಭಾಷೆ ಇರ್ಬೇಕು, ವಾಕ್ಯ ಅರ್ಧಕ್ಕೆ ಬಿಟ್ಟು ಮತ್ತೆ ಮೊದಲಿಂದ ಶುರು ಮಾಡ್ತಿದ್ದ. ಹೇಳಿದ್ದು ಏನಂದ್ರೆ, ಜೈಲು ತುಂಬಿರ್ಲಿ ಅನ್ನೋ ಆಸೆ ಸರ್ಕಾರಿ ಜೈಲಲ್ಲೂ ಇದೆ, ಅಲ್ಲಿ ಕೆಲಸ ಮಾಡೋವ್ರ ನೌಕರಿ, ಆ ಇಲಾಖೆಯ ಬಜೆಟ್ ಎಲ್ಲಾ ಅದ್ರ ಮೇಲೇ ನಿಂತಿದೆ, ಹಾಗಾಗಿ ಆಸೆ ಎರಡೂ ಕಡೆ ಒಂದೇ, ವ್ಯತ್ಯಾಸ ಇರೋದು ಖಾಸಗಿಯವ್ರು ಕೆಟ್ಟದಾಗಿ ನಡೆಸಿದ್ರೆ ಕಾಂಟ್ರಾಕ್ಟ್ ರದ್ದು ಮಾಡ್ಬಹುದು, ಸರ್ಕಾರ ತನ್ನನ್ನ ತಾನೇ ರದ್ದು ಮಾಡ್ಕೊಳಲ್ಲ.

ರೌಂಡ್ ಮುಗೀತು, ಎಲ್ಲಾರನ್ನೂ ಹೊರಗೆ ಕಳಿಸಿದ್ವಿ. ನನ್ನ ಕಾಲ್, ಅಂದ್ರೆ ತೀರ್ಪು, ಓಪನಿಂಗ್ ಗವರ್ನಮೆಂಟ್ ಫಸ್ಟ್, ಕ್ಲೋಸಿಂಗ್ ಆಪೊಸಿಷನ್ ಫೋರ್ತ್. ಕಾರಣ ಏನು ಅಂತ ವಿಂಗ್‌ಗಳಿಗೆ ವಿವರಿಸ್ತಾ ಹೋದೆ, ಲಾಭದ ಆಸೆ ಇದೆ, ಕಂಪನಿಗಳು ಕಠಿಣ ಶಿಕ್ಷೆಯ ಕಾನೂನಿಗೆ ಲಾಬಿ ಮಾಡ್ತವೆ, ಕಾಂಟ್ರಾಕ್ಟಲ್ಲಿ ಇಷ್ಟು ಹಾಸಿಗೆ ತುಂಬಿರ್ಲೇಬೇಕು ಅಂತ ಷರತ್ತು ಇರತ್ತೆ, ಪೆರೋಲ್‌ಗೆ ಹೋಗೋ ನಡವಳಿಕೆ ವರದಿ ಬರೆಯೋದೂ ಅವರ ಸಿಬ್ಬಂದಿನೇ, ಹಾಗಾಗಿ ಜನ ಜಾಸ್ತಿ ದಿನ ಒಳಗಿರ್ತಾರೆ, ಬಲವಾದ ಮೆಕ್ಯಾನಿಸಮ್, ಕಾರಣದಿಂದ ಫಲದವರೆಗೆ ಕೊಂಡಿ ಸರಿಯಾಗಿದೆ ಅಂತ. ಹೊಸ ವಿಂಗ್ ಅವಳ ಹಾಳೆ ತಿರುವಿ ತಿರುವಿ ನೋಡಿ ಮೆಲ್ಲಗೆ ಕೇಳಿದ್ಲು, ಲಾಬಿ, ಹಾಸಿಗೆ, ಪೆರೋಲ್ ಈ ಮೂರೂ ನನ್ನ ನೋಟ್ಸಲ್ಲಿ ಇಲ್ಲ, ಯಾವ ಸ್ಪೀಕರ್ ಹೇಳಿದ್ದು ಅಂತ. ನಾನು ನನ್ನ ಹಾಳೆ ನೋಡಿದೆ. ಅಲ್ಲೂ ಇರ್ಲಿಲ್ಲ. ಲಾಭ ಅಂತ ಇತ್ತು, ಒಂದು ಬಾಣದ ಗುರುತು, ಆ ಕಡೆ ಜಾಸ್ತಿ ದಿನ ಅಂತ ಇತ್ತು. ನಡುವಿನದ್ದೆಲ್ಲಾ ನಾನು ಎಲ್ಲೋ ಓದಿದ್ದು. ಆ ಹುಡುಗ ಎರಡು ದಡ ತೋರಿಸಿದ್ದ, ಸೇತುವೆ ಕಟ್ಟಿದ್ದು ನಾನು, ಕಟ್ಟಿ ಅದಕ್ಕೆ ಅವನಿಗೆ ಮೂರು ಅಂಕ ಕೊಡೋಕೆ ಹೊರಟಿದ್ದೆ.

ಆ ಕಡೆ ತಡವರಿಸಿದ ಹುಡುಗನ ವಾದ ಪೂರ್ತಿಯಾಗಿ ನನ್ನ ಹಾಳೇಲೇ ಇತ್ತು, ನನ್ನ ಕೈಬರಹದಲ್ಲೇ. ಆಸೆ ಎರಡೂ ಕಡೆ ಇದೆ ಅನ್ನೋದು, ಯಾಕೆ ಇದೆ ಅನ್ನೋದು, ಹಾಗಿದ್ರೆ ಯಾವ ಕಡೆ ಸರಿ ಮಾಡೋಕೆ ಸಾಧ್ಯ ಅನ್ನೋ ಹೋಲಿಕೆ. ಕಟ್ಟಬೇಕಾಗಿದ್ದನ್ನ ಅವನೇ ಕಟ್ಟಿದ್ದ. ಬರೆದ್ಕೊಂಡಿದ್ದೆ, ಆದ್ರೆ ಕೇಳಿಸ್ಕೊಂಡಿರ್ಲಿಲ್ಲ ಅಂತಾನೇ ಹೇಳ್ಬೇಕು. ಕಾಲ್ ಬದಲಾಯ್ತು, ಓಪನಿಂಗ್ ಆಪೊಸಿಷನ್ ಫಸ್ಟ್, ಅವನ ಟೀಮ್ ಸೆಕೆಂಡ್, ಪ್ರೈಮ್ ಮಿನಿಸ್ಟರ್ ಟೀಮ್ ಥರ್ಡ್. ಆವತ್ತು ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ, ಈ ರೌಂಡಿಗಾಗಿ ಅಲ್ಲ, ಅದಕ್ಕಿಂತ ಮುಂಚೆ ಒಬ್ಬನೇ ಕೂತು ಜಡ್ಜ್ ಮಾಡಿದ ರೌಂಡ್‌ಗಳಿಗಾಗಿ, ಅಲ್ಲಿ ಯಾವ ಸ್ಪೀಕರ್ ಹೇಳಿದ್ದು ಅಂತ ಕೇಳೋವ್ರು ಯಾರೂ ಇರ್ಲಿಲ್ಲ.

ಹಾಗಾಗಿ ಮೊನ್ನೆ ಮೆಸೇಜ್ ಮಾಡಿದ ಡಿಬೇಟರ್ ಪ್ರಶ್ನೆಗೆ ನನ್ನ ಉತ್ತರ, ಚೆನ್ನಾಗಿ ಮಾತಾಡಿದವ್ರಿಗೆ ನಾವು ಬೇಕಂತ ಅಂಕ ಕೊಡಲ್ಲ, ಆದ್ರೆ ಚೆನ್ನಾಗಿ ಮಾತಾಡಿದವ್ರ ವಾದದಲ್ಲಿರೋ ತೂತುಗಳನ್ನ ನಾವು ಗೊತ್ತಿಲ್ದೇ ಮುಚ್ಚಿಕೊಡ್ತೀವಿ, ತಡವರಿಸೋವ್ರಿಗೆ ಮುಚ್ಚಿಕೊಡಲ್ಲ, ಅವರ ತೂತು ಎಲ್ಲಿದೆ ಅಂತ ಹುಡುಕ್ತೀವಿ. ವರ್ಲ್ಡ್ಸಲ್ಲಿ ಇಂಗ್ಲಿಷ್ ಎರಡನೇ ಭಾಷೆ ಆಗಿರೋವ್ರಿಗೆ, ವಿದೇಶಿ ಭಾಷೆ ಆಗಿರೋವ್ರಿಗೆ ಬೇರೆ ಬೇರೆ ಬ್ರೇಕ್, ಅಂದ್ರೆ ನಾಕೌಟ್‌ಗೆ ಆಯ್ಕೆ, ಇದೆ ಸರಿ, ಆದ್ರೆ ಶುರುವಿನ 9 ರೌಂಡ್ ಎಲ್ಲಾರೂ ಒಂದೇ ರೂಮಲ್ಲಿ, ಒಂದೇ ಜಡ್ಜ್ ಮುಂದೆ. ಉಚ್ಚಾರಣೆಗೆ ಅಂಕ ಇಲ್ಲ ಅಂತ ಬ್ರೀಫಿಂಗಲ್ಲಿ ಎಲ್ಲಾ ಜಡ್ಜ್‌ಗಳೂ ತಲೆ ಆಡಿಸ್ತೀವಿ, ಯಾರೂ ಉಚ್ಚಾರಣೆ ನೋಡಿ ಅಂಕ ಕಳೆಯೋದೂ ಇಲ್ಲ. ನಡೆಯೋದು ಅದಕ್ಕಿಂತ ಸೂಕ್ಷ್ಮ.

ಹಾಗಂತ ಜಡ್ಜ್ ಟೇಪ್ ರೆಕಾರ್ಡರ್ ಆಗೋಕಾಗಲ್ಲ. ಮಳೆ ಬಂದ್ರೆ ನೆಲ ಒದ್ದೆ ಆಗತ್ತೆ ಅಂತ ಯಾರೂ ಪ್ರೂವ್ ಮಾಡ್ಬೇಕಿಲ್ಲ, ಸಾಮಾನ್ಯ ಮತದಾರನಿಗೆ ತಾನಾಗೇ ಹೊಳೆಯೋ ಕೊಂಡಿಗಳನ್ನ ಹೇಳದೇ ಇದ್ರೂ ಒಪ್ಕೊಳ್ಲೇಬೇಕು, ಇಲ್ಲಾಂದ್ರೆ 7 ನಿಮಿಷದಲ್ಲಿ ಯಾರೂ ಏನೂ ಹೇಳೋಕಾಗಲ್ಲ. ಎಲ್ಲಿ ಒಪ್ಕೊಳೋದು ಎಲ್ಲಿ ಬೇಡ ಅನ್ನೋದಕ್ಕೆ ನಾನೀಗ ಒಂದು ಪರೀಕ್ಷೆ ಮಾಡ್ತೀನಿ, ಇದೇ ವಾಕ್ಯಾನ ಈ ರೂಮಲ್ಲಿ ಅತಿ ಹೆಚ್ಚು ಕಷ್ಟಪಟ್ಟು ಮಾತಾಡಿದ ಸ್ಪೀಕರ್ ಹೇಳಿದ್ರೂ ನಾನು ಒಪ್ತಿದ್ನಾ? ಇಲ್ಲ ಅಂತ ಅನಿಸಿದ್ರೆ ಅದನ್ನ ಯಾರಿಗೂ ಕೊಡಲ್ಲ.

ಹಾಳೆ ಬರೆಯೋ ರೀತಿನೂ ಬದಲಾಯಿಸ್ಕೊಂಡೆ. ಸ್ಪೀಕರ್ ಹೇಳಿದ್ದು ಪೆನ್ನಲ್ಲಿ, ಆಗ ನನ್ನ ತಲೆಗೆ ಬಂದಿದ್ದು ಬಲಗಡೆ ಅಂಚಲ್ಲಿ ಪೆನ್ಸಿಲಲ್ಲಿ. ಡಿಸ್ಕಷನ್‌ನಲ್ಲಿ ನಾನು ಓದೋದು ಪೆನ್ನಿನ ಕಡೆ ಮಾತ್ರ. ಪಿಒಐ, ಅಂದ್ರೆ ಎದುರಾಳಿ ಭಾಷಣದ ಮಧ್ಯೆ ಎದ್ದು ಕೇಳೋ ಪಾಯಿಂಟ್, ಅದನ್ನೂ ಬರೀತೀನಿ, ಸಿಕ್ಕ ಉತ್ತರಾನೂ ಬರೀತೀನಿ. ಮೊದಲ ನಿಮಿಷ ಕೊನೇ ನಿಮಿಷ ಬಿಟ್ಟು ಮಧ್ಯದ 5 ನಿಮಿಷದಲ್ಲಿ ಎದ್ದು 15 ಸೆಕೆಂಡ್ ಒಳಗೆ ಹೇಳ್ಬೇಕು, ಆ 15 ಸೆಕೆಂಡಲ್ಲಿ ಎಷ್ಟೋ ಸಲ ಪೂರ್ತಿ ಭಾಷಣಕ್ಕಿಂತ ಜಾಸ್ತಿ ಕೆಲಸ ಆಗಿರತ್ತೆ. ಓಪನಿಂಗ್ ಟೀಮ್‌ಗಳಿಗಂತೂ ಅದೇ ಗತಿ. ಪ್ರೈಮ್ ಮಿನಿಸ್ಟರ್ ಟೀಮ್ ತಮ್ಮ ಎರಡು ಭಾಷಣ ಮುಗಿಸಿ ಕೂತ ಮೇಲೆ ಕ್ಲೋಸಿಂಗ್ ಆಪೊಸಿಷನ್ ಬಂದು ಏನು ಹೇಳಿದ್ರೂ ಅವರಿಗೆ ಪಿಒಐ ಬಿಟ್ರೆ ಮತ್ತೆ ಎದ್ದು ಉತ್ತರ ಕೊಡೋ ಅವಕಾಶ ಇಲ್ಲ. ಇದಕ್ಕೆ ನಾವು ಲಾಂಗ್ ಡಯಾಗನಲ್ ಅಂತೀವಿ, ಅತಿ ಕಷ್ಟದ ಹೋಲಿಕೆ ಇದು. ಉತ್ತರ ಬರ್ಲಿಲ್ಲ ಅಂತ ಕ್ಲೋಸಿಂಗ್‌ಗೆ ಕೊಟ್ಟುಬಿಡೋದು ಅನ್ಯಾಯ, ಓಪನಿಂಗ್ ಮೊದ್ಲೇ ಹೇಳಿದ್ದು ಈ ದಾಳಿ ಆದ್ಮೇಲೂ ಎಷ್ಟು ಉಳಿದಿದೆ ಅಂತ ನೋಡ್ಬೇಕು, ಹಾಗೆ ನೋಡೋವಾಗ ಓಪನಿಂಗ್ ಪರವಾಗಿ ನಾನೇ ಹೊಸ ಉತ್ತರ ಕಟ್ಟಿಬಿಡೋ ಅಪಾಯ ಮತ್ತೆ ಬರತ್ತೆ.

ಉತ್ತರ ಸಿಗದೇ ಉಳಿದ ವಾದದ ಬಗ್ಗೆ ಇನ್ನೊಂದು ಮಾತು. ಅವರು ನಮ್ಮ ಎರಡನೇ ಪಾಯಿಂಟ್ ಮುಟ್ಲೇ ಇಲ್ಲ, ಆದ್ರೂ ನಾವು ಯಾಕೆ ಸೋತ್ವಿ ಅಂತ ತುಂಬಾ ಜನ ಕೇಳ್ತಾರೆ. ಮುಟ್ಟಿಲ್ಲ ನಿಜ, ಆದ್ರೆ ಆ ಪಾಯಿಂಟಿಗೆ ನಿಲ್ಲೋಕೆ ಕಾಲೇ ಇರ್ಲಿಲ್ಲ, ಅಥ್ವಾ ಮೋಷನ್ನಿಗೆ ಅದರಿಂದ ಏನೂ ಆಗ್ಬೇಕಿರ್ಲಿಲ್ಲ. ಎಷ್ಟು ಪಾಯಿಂಟ್ ಗೆದ್ರಿ ಅಂತ ನಾವು ಎಣಿಸಲ್ಲ, ಯಾವುದರ ಮೇಲೆ ಈ ಡಿಬೇಟ್ ನಿಂತಿದೆಯೋ ಆ ಜಾಗದಲ್ಲಿ ಯಾರು ಮುಂದಿದ್ರು ಅಂತ ನೋಡ್ತೀವಿ. ಅದು ಯಾವ ಜಾಗ ಅಂತ ಟೀಮ್‌ಗಳೇ ತೋರಿಸಿದ್ರೆ, ಇದು ಯಾಕೆ ಅದಕ್ಕಿಂತ ದೊಡ್ಡದು ಅಂತ ವೇಯಿಂಗ್ ಮಾಡಿದ್ರೆ, ನನ್ನ ಕೆಲಸ ಅರ್ಧ ಆಯ್ತು. ಯಾರೂ ಮಾಡ್ಲಿಲ್ಲ ಅಂದ್ರೆ ನಾನೇ ಮಾಡ್ಬೇಕು, ಆಗ ನನ್ನ ಒಲವು ನುಸುಳತ್ತೆ, ಅದನ್ನ ನಾನು ಎಷ್ಟು ಪ್ರಯತ್ನಪಟ್ರೂ ಪೂರ್ತಿ ತಡೆಯೋಕಾಗಲ್ಲ. ದಯವಿಟ್ಟು ಕೊನೇ ಒಂದು ನಿಮಿಷ ಅದಕ್ಕೆ ಇಡಿ.

ಕ್ಲೋಸಿಂಗ್ ಟೀಮ್‌ಗಳಿಂದ ಎಕ್ಸ್‌ಟೆನ್ಷನ್ ಬೇಕು, ಅಂದ್ರೆ ಓಪನಿಂಗ್ ಹೇಳದೇ ಇದ್ದ ಹೊಸದೊಂದು. ಹೊಸ ವಾದನೇ ಆಗ್ಬೇಕಿಲ್ಲ, ಓಪನಿಂಗ್ ಅರ್ಧಕ್ಕೆ ಬಿಟ್ಟ ವಾದಕ್ಕೆ ಸೇತುವೆ ಕಟ್ಟಿದ್ರೂ ಅದು ಎಕ್ಸ್‌ಟೆನ್ಷನ್ನೇ. ಇಲ್ಲಿ ನೋಡಿ ನನ್ನ ಹಳೇ ತಪ್ಪು ಎಷ್ಟು ದೂರ ಹೋಗತ್ತೆ ಅಂತ, ಸೇತುವೆನ ನಾನೇ ತಲೇಲಿ ಕಟ್ಕೊಂಡಿದ್ರೆ ಕ್ಲೋಸಿಂಗ್ ಗವರ್ನಮೆಂಟ್ ಬಂದು ಅದನ್ನ ನಿಜವಾಗ್ಲೂ ಕಟ್ಟಿದಾಗ ನಂಗೆ ಇದು ಆಗ್ಲೇ ಹೇಳಿದ್ರಲ್ಲಾ ಅನಿಸತ್ತೆ. ಒಬ್ರ ಶ್ರಮ ಇನ್ನೊಬ್ರ ಖಾತೆಗೆ ಜಮಾ. ಆಪೊಸಿಷನ್ ವಿಪ್, ಅಂದ್ರೆ ಕೊನೇ ಸ್ಪೀಕರ್, ಹೊಸ ವಾದ ತಂದ್ರೆ ಅದು ಲೆಕ್ಕಕ್ಕಿಲ್ಲ, ಉತ್ತರ ಕೊಡೋಕೆ ಆಮೇಲೆ ಯಾರೂ ಇರಲ್ಲ. ಅಮೆರಿಕದ ಎರಡು ಟೀಮಿನ ಪಾರ್ಲಿಮೆಂಟರಿ ಡಿಬೇಟಲ್ಲಿ ಕೊನೇ ರಿಬಟಲ್‌ನಲ್ಲಿ ಹೊಸದು ಬಂದ್ರೆ ಎದುರು ಟೀಮ್ ಪಾಯಿಂಟ್ ಆಫ್ ಆರ್ಡರ್, ಅಂದ್ರೆ ನಿಯಮ ಮುರಿದ್ರು ಅನ್ನೋ ಆಕ್ಷೇಪ, ಎತ್ತಬಹುದು, ಬಿಪಿಲಿ ಅದಿಲ್ಲ, ಜಡ್ಜೇ ಗಮನಿಸಿ ಪಕ್ಕಕ್ಕಿಡ್ಬೇಕು.

ಸ್ಪೀಕರ್ ಸ್ಕೋರ್ ಬಗ್ಗೆ ಜಾಸ್ತಿ ಹೇಳಲ್ಲ. 50ರಿಂದ 100ರ ಸ್ಕೇಲ್, 75 ಅಂದ್ರೆ ಸರಾಸರಿ. ಟೀಮ್ ರ‍್ಯಾಂಕ್ ಮೊದ್ಲು, ಸ್ಕೋರ್ ಆಮೇಲೆ, ಮೇಲಿನ ರ‍್ಯಾಂಕಿನ ಟೀಮಿನ ಒಟ್ಟು ಮೊತ್ತ ಕೆಳಗಿನವ್ರಿಗಿಂತ ಜಾಸ್ತಿನೇ ಇರ್ಬೇಕು. ಚಂದದ ಮಾತಿಗೆ ಅಲ್ಲಾದ್ರೂ ಒಂದೆರಡು ಅಂಕ ಸೇರಿಸೋಣ ಅಂತ ಕೆಲವು ಜಡ್ಜ್‌ಗಳು ಹೇಳ್ತಾರೆ, ನಂಗೆ ಒಪ್ಪಿಗೆ ಇಲ್ಲ. ಸ್ಪಷ್ಟವಾಗಿ ಹೇಳಿ ಅರ್ಥ ಮಾಡಿಸಿದ್ರೆ ಅದರ ಫಲ ರ‍್ಯಾಂಕಲ್ಲೇ ಬಂದಿರತ್ತೆ, ಬರೀ ದನಿಗೆ ಬೇರೆ ಕೊಡೋಕೆ ಏನೂ ಇಲ್ಲ.

ಡಿಸ್ಕಷನ್‌ಗೆ ಸಾಮಾನ್ಯವಾಗಿ 15 ನಿಮಿಷ. ಒಮ್ಮತ ಬಂದ್ರೆ ಸರಿ, ಇಲ್ಲಾಂದ್ರೆ ವೋಟು. ಚೇರ್ ಆಗಿದ್ದಾಗ ನಾನೀಗ ನನ್ನ ಕಾಲ್ ಮೊದ್ಲು ಹೇಳಲ್ಲ, ಹೊಸ ವಿಂಗ್‌ನಿಂದ ಶುರು ಮಾಡಿಸ್ತೀನಿ. ಚೇರ್ ಮೊದ್ಲು ಬಾಯಿ ಬಿಟ್ರೆ ಹೊಸಬರು ತಮ್ಮ ಹಾಳೆನೇ ಅನುಮಾನಿಸ್ತಾರೆ, ಆವತ್ತು ಅವಳು ಹಾಗೆ ಮಾಡ್ಲಿಲ್ಲ ಅನ್ನೋದು ನನ್ನ ಪುಣ್ಯ, ಆ ಟೀಮಿನ ಪುಣ್ಯನೂ ಹೌದು.

ಆಮೇಲೆ ಓಎ, ನಾಲ್ಕೂ ಟೀಮನ್ನ ಕರೆದು ಕಾರಣ ಹೇಳೋದು. ನಾನು ತಯಾರಿ ಮಾಡ್ಕೊಳೋದು ಫೋರ್ತ್ ಬಂದ ಟೀಮಿಗಾಗಿ. ಫಸ್ಟ್ ಬಂದವ್ರು ಏನು ಹೇಳಿದ್ರೂ ಒಪ್ತಾರೆ, ಫೋರ್ತ್ ಬಂದವ್ರಿಗೆ ಅವರದ್ದೇ ವಾಕ್ಯ ಓದಿ ಹೇಳ್ಬೇಕು, ನೀವು ಇಷ್ಟು ಹೇಳಿದ್ರಿ, ಅವರು ಇಷ್ಟು ಹೇಳಿದ್ರು, ಇಲ್ಲಿ ನಿಮ್ಮದು ನಿಂತ್ಹೋಯ್ತು ಅಂತ. ಪೆನ್ನಲ್ಲಿ ಬರೆದಿರೋದನ್ನ ಓದಿ ಆ ಟೀಮಿಗೆ ಅವರ ಜಾಗ ತೋರಿಸೋಕೆ ಆಗ್ಲಿಲ್ಲ ಅಂದ್ರೆ ಕಾಲ್ ಎಲ್ಲೋ ತಪ್ಪಿದೆ ಅಂತಾನೇ ಅರ್ಥ, ಎರಡು ಸಲ ಓಎ ತಯಾರಿ ಮಾಡೋವಾಗ್ಲೇ ನಂಗೆ ಅದು ಗೊತ್ತಾಗಿ ಬಾಗಿಲು ತೆಗೆಯೋಕೆ ಮುಂಚೆ ಪ್ಯಾನೆಲ್‌ನ ಮತ್ತೆ ಕೂರಿಸಿದ್ದೀನಿ.

ದೊಡ್ಡ ಟೂರ್ನಮೆಂಟ್‌ಗಳಲ್ಲಿ ಕೊನೇ ರೌಂಡ್‌ಗಳು ಕ್ಲೋಸ್ಡ್, ವರ್ಲ್ಡ್ಸಲ್ಲಿ ಕೊನೇ ಮೂರು. ಬ್ರೇಕ್ ಘೋಷಣೆ ಆಗೋವರೆಗೆ ರಿಸಲ್ಟೂ ಇಲ್ಲ ಓಎನೂ ಇಲ್ಲ, ಬ್ಯಾಲೆಟ್ ಸಬ್ಮಿಟ್ ಮಾಡಿದ್ರೆ ಮುಗೀತು, ಟೀಮ್‌ಗಳು ಆಗ್ಲೇ ಮುಂದಿನ ರೂಮಿಗೆ ಓಡಿರ್ತಾರೆ. ನಾನು ಆವಾಗ್ಲೂ ಫೋರ್ತ್ ಟೀಮಿಗೆ ಹೇಳ್ಬೇಕಾಗಿರೋದನ್ನ ಒಂದು ಪುಟ ಬರೆದು ಹಾಳೆಗಳ ಮೇಲೆ ಪಿನ್ ಮಾಡಿ ಇಟ್ಕೊಂಡಿರ್ತೀನಿ. ಹೋದ ಸಲ ಬ್ರೇಕ್ ಘೋಷಣೆ ಆದ್ಮೇಲೆ ಒಬ್ಬಳು ಹುಡುಕ್ಕೊಂಡು ಬಂದು ಕೇಳಿದ್ಲು. ಬ್ಯಾಗಿಂದ ತೆಗೆದು ಓದಿ ಹೇಳಿದೆ. ಪೂರ್ತಿ ಕೇಳಿ, ಆ ಮೂರನೇ ಸಾಲಿನದ್ದು ನಾನು ಹೇಳಿದ್ದೆ ಅಂದ್ಲು. ಇಬ್ರೂ ಅಲ್ಲೇ ಮೆಟ್ಟಿಲ ಮೇಲೆ ಕೂತು ನನ್ನ ಹಾಳೆ, ಅವಳ ಹಾಳೆ ಪಕ್ಕ ಪಕ್ಕ ಇಟ್ಟು ಹುಡುಕಿದ್ವಿ.